ಸುಗಂಧಿಗೆ ನಾನು ಕೊಡಿಸಿದ ಕೆಲಸ

ಸುಗಂಧಿಯನ್ನು ಈ ಮನೆಯಿಂದ ಹೊರಗೆ ಹಾಕಿಯೇ ಸಿದ್ಧ ಎಂದು ನಾನು ಶಪಥ ಮಾಡಿದ್ದು ಒಂದು ಭಾನುವಾರ, ಹೆಗಲ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ನಡುಮನೆಯಲ್ಲಿ ನಿಂತು. ಪುರಾಣದಲ್ಲಿ ಯಾರಾದರೂ ಶಪಥ ಮಾಡಿದರೆ ಮೇಲಿನಿಂದ ಹೂಮಳೆ ಆಗುತ್ತಿತ್ತಂತೆ. ನನ್ನ ಮೇಲೆ ಬಿದ್ದದ್ದು ಹೆಂಡತಿ ಸ್ನೇಹಾಳ ಕೆಂಗಣ್ಣು.

"ರೀ, ಮೊದ್ಲು ಆ ಟವೆಲ್ ಹೊರಗೆ ಹಾಕಿ. ಆಮೇಲೆ ಸುಗಂಧೀನ ಹಾಕೋರಂತೆ."

ಅಪಾರ್ಥ ಮಾಡಿಕೊಳ್ಳಬೇಡಿ. ಸುಗಂಧಿ ನಮ್ಮ ನೆಂಟಳಲ್ಲ, ಮನೆಕೆಲಸದವಳಲ್ಲ, ನನ್ನ ಹಳೆಯ ಪ್ರೇಯಸಿಯಂತೂ ಖಂಡಿತ ಅಲ್ಲ! ಆಕೆ ‘ಹೊಸ್ತಿಲ ಹಣತೆ’ ಎಂಬ ಧಾರಾವಾಹಿಯ ನಾಯಕಿ. ನನ್ನ ಮದುವೆಗೂ ಮುಂಚೆ ಶುರುವಾದ ಆ ಧಾರಾವಾಹಿ, ನನ್ನ ತಲೆಗೂದಲು ಅರ್ಧ ಉದುರಿದ ಮೇಲೂ ನಡೆಯುತ್ತಲೇ ಇದೆ. ಸುಗಂಧಿಯದು ಮಾತ್ರ ಒಂದೆಳೆಯೂ ಉದುರಿಲ್ಲ. ಮಲಗುವಾಗಲೂ ರೇಷ್ಮೆ ಸೀರೆ, ಐಸಿಯುನಲ್ಲೂ ಜುಮುಕಿ! ಅತ್ತೆ ರಾಜಮಂಗಳಾ ಆಕೆಗೆ ವಿಷ ಹಾಕಿದ್ದಾಳೆ, ಮೆಟ್ಟಿಲಿಗೆ ಎಣ್ಣೆ ಸುರಿದಿದ್ದಾಳೆ, ಮಲಗಿದ್ದ ಕೋಣೆಗೆ ಹಾವು ಬಿಟ್ಟಿದ್ದಾಳೆ. ಅಷ್ಟಾದರೂ ಈ ಮಹಾತಾಯಿ ಎದುರು ಮಾತಾಡುವುದಿಲ್ಲ. ಕ್ಯಾಮೆರಾ ಕಡೆ ತಿರುಗಿ ಅಳುತ್ತಾಳೆ.

ಆಕೆ ಅತ್ತರೆ ನಮ್ಮ ಅವ್ವ ರತ್ನವ್ವ ಅಳುತ್ತಾಳೆ. ಅವ್ವ ಅತ್ತರೆ ಪಕ್ಕದಲ್ಲಿ ಕೂತ ಮನೆಯೊಡತಿ ಸುಬ್ಬಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ತಣಿಸಂದ್ರದ ನಮ್ಮ ಬಾಡಿಗೆ ಮನೆ ಈ ಸುಬ್ಬಮ್ಮನವರದು, ಹಿಂದೆ ಅವರ ರಾಗಿ ಹೊಲ ಇದ್ದ ಜಾಗ. ಅವರು ಕೆಳಗೆ, ನಾವು ಮೇಲೆ. ಮುಧೋಳದ ಕಡೆಯಿಂದ ಬಂದ ಅವ್ವನಿಗೆ ಈ ಊರಿನಲ್ಲಿರುವ ಗೆಳತಿ ಅವರೊಬ್ಬರೇ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುವುದಿಲ್ಲ. ಉಳಿದರ್ಧವನ್ನು ಸುಗಂಧಿ ತುಂಬಿಕೊಡುತ್ತಾಳೆ.

ಸಂಜೆ ಏಳೂವರೆಗೆ ಸುಬ್ಬಮ್ಮ ಮೆಟ್ಟಿಲು ಹತ್ತಿ ಬರುವಾಗ ಕೈಯಲ್ಲೊಂದು ಸ್ಟೀಲ್ ಡಬ್ಬಿ ಇರುತ್ತದೆ. ಅದರಲ್ಲಿ ಬಸ್ಸಾರೋ, ಅವರೆಕಾಳಿನ ಹುಳಿಯೋ. ಮರುದಿನ ಅದೇ ಡಬ್ಬಿಯಲ್ಲಿ ಅವ್ವನ ಶೇಂಗಾ ಚಟ್ನಿಯೋ ಎಣ್ಣೆಗಾಯಿಯೋ ಕೆಳಗಿಳಿಯುತ್ತದೆ. ಡಬ್ಬಿ ಮೂಲತಃ ಯಾರದೆಂದು ಈಗ ಇಬ್ಬರಿಗೂ ನೆನಪಿಲ್ಲ. ಆದರೆ ಅದು ಖಾಲಿ ಹೋದದ್ದಿಲ್ಲ, ಖಾಲಿ ಬಂದದ್ದಿಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯಾದರೂ ಅದರಲ್ಲಿ ಇರಲೇಬೇಕು.

ಇನ್ನು ನನ್ನ ವಿಚಾರ. ನಾನು, ಹೇಮಂತ, ಯಶವಂತಪುರದ ಪಂಪ್ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಬಿರುಕಿದ್ದರೂ ನನ್ನ ಕಣ್ಣು ತಪ್ಪಿಸಲಾರದು! ಜೇಬಿನಿಂದ ಕೆಂಪು ಚೀಟಿ ತೆಗೆದು ಅಂಟಿಸಿದೆನೆಂದರೆ ಮುಗಿಯಿತು, ಆ ಮಾಲು ರಿಜೆಕ್ಟ್. ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಆ ಚೀಟಿಗಳು ಸಿಕ್ಕಿ ಸ್ನೇಹಾ ಬೈಯದ ದಿನವಿಲ್ಲ. ಅಂಥ ಅಧಿಕಾರಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಜೀವ ತೇಯ್ದು ಮನೆಗೆ ಬಂದು ಒಂದು ಕಪ್ ಚಹಾ ಕೇಳಿದರೆ, "ಅಡ್ವಟೈಸ್ ಬರ್ಲಿ ತಡಿಯೋ" ಎಂದು ಅವ್ವನ ಉತ್ತರ! ಸುಗಂಧಿಗೆ ಕೆಂಪು ಚೀಟಿ ಅಂಟಿಸುವ ಕಾಲ ಬಂದಿದೆ ಎಂದು ನಾನು ತೀರ್ಮಾನಿಸಿದೆ.

ಅದೃಷ್ಟ ನನ್ನ ಕಡೆಗಿತ್ತು. ಅವ್ವನ ಕಣ್ಣಿಗೆ ಪೊರೆ ಬಂದು ಆಪರೇಷನ್ ಆಯಿತು. "ಕಣ್ಣಿಗೆ ನೀರು ತಾಕಿಸ್ಬೇಡಿ, ಉಜ್ಜಬೇಡಿ, ಸ್ವಲ್ಪ ದಿನ ಜೋಪಾನ" ಎಂದರು ಡಾಕ್ಟರು. ಅವ್ವ "ಮತ್ತ ಟೀವಿ..." ಎಂದು ಬಾಯಿ ತೆರೆಯುವಷ್ಟರಲ್ಲಿ ನಾನು ಅವಳ ರಟ್ಟೆ ಹಿಡಿದು ಆಟೋದೊಳಗೆ ಕೂರಿಸಿಬಿಟ್ಟೆ.

"ಅವ್ವಾ, ಕಣ್ಣಿಗೆ ನೀರು ತಾಕಬಾರದು ಅಂದ್ರಿಲ್ಲೋ? ಸುಗಂಧಿ ಅತ್ರ ನೀ ಅಳ್ತಿ. ನೀ ಅತ್ರ ಕಣ್ಣಾಗ ನೀರು ಬರ್ತಾವ. ಅಂದ್ರ ಸುಗಂಧಿ ಬಂದ್!"

"ನೋಡೂದು ಬ್ಯಾಡ ಬಿಡಪಾ. ಬರೇ ಕೇಳ್ತೀನಿ."

"ಕೇಳಿದ್ರೂ ಅಳು ಬರ್ತೈತಿ. ಡಾಕ್ಟರು ಹೇಳ್ಯಾರ!"

ಡಾಕ್ಟರು ಹೇಳಿರಲಿಲ್ಲ. ಆದರೆ ಶಪಥ ಮಾಡಿದವನಿಗೆ ಇಷ್ಟೂ ಸ್ವಾತಂತ್ರ್ಯ ಬೇಡವೇ? ಸೆಟ್‌ಟಾಪ್ ಬಾಕ್ಸಿಗೆ ರೀಚಾರ್ಜ್ ಮಾಡಿಸುವುದನ್ನು ನಿಲ್ಲಿಸಿದೆ. ಅದೇ ವಾರ ಚಿಕ್ಕಜಾಲದಲ್ಲಿರುವ ಸುಬ್ಬಮ್ಮನವರ ಮಗಳು ರಾಧಾಮಣಿ ಕಾಲು ಮುರಿದುಕೊಂಡಳು. ಅವಳ ಮನೆ ನೋಡಿಕೊಳ್ಳಲು ಸುಬ್ಬಮ್ಮ ಹೊರಟುಹೋದರು. ಕಾಲು ಮುರಿದ ಸುದ್ದಿಗೆ ಒಳಗೊಳಗೇ ಖುಷಿಪಟ್ಟ ಪಾಪಿ ತಣಿಸಂದ್ರದಲ್ಲಿ ನಾನೊಬ್ಬನೇ ಇರಬೇಕು.

ಮೊದಲ ಸಂಜೆ ಏಳೂವರೆಗೆ ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಆರಿದ ಟಿವಿಯ ಮುಂದೆ ಬಂದು ಕೂತಳು.

"ತಮ್ಮಾ, ಇವತ್ತ ಸುಗಂಧಿ ಗಂಡ ದುಬೈದಿಂದ ಬರಾಂವ ಇದ್ದ. ಬಂದ್ನೋ ಇಲ್ಲೋ, ಅಷ್ಟ ನೋಡಿ ಹೇಳೋ. ನಿನ್ನ ಮೊಬೈಲ್‌ನ್ಯಾಗ ಬರ್ತೈತಂತಲ್ಲ."

"ಅರ್ಧ ಗಂಟೆ ನೋಡಿ ಹೇಳಿದ್ರೆ ನಿಮ್ಮ ಗಂಟೇನ್ರೀ ಹೋಗುತ್ತೆ?" ಎಂದಳು ಸ್ನೇಹಾ.

ನಾನು ಸುಗಂಧಿಯನ್ನು ನೋಡುವುದೇ! ಮೊಬೈಲ್ ಹಿಡಿದು ಕೋಣೆಗೆ ಹೋದೆ, ಆರಾಮಾಗಿ ಕ್ರಿಕೆಟ್ ನೋಡಿದೆ, ಹೊರಗೆ ಬಂದೆ.

"ಬಂದ."

"ಬಂದು?"

"ಕುಂತ."

"ಕುಂತು?"

"ಚಹಾ ಕುಡದ."

"ಸುಗಂಧಿ ಏನಂದ್ಲು?"

"ಅತ್ಲು."

"ಯಾಕೋ?"

"ಚಹಾದಾಗ ಸಕ್ರಿ ಹೆಚ್ಚಾಗಿತ್ತು."

ಅವ್ವ ಕಪ್ಪು ಕನ್ನಡಕದ ಹಿಂದಿನಿಂದ ನನ್ನ ಕಡೆ ತಿರುಗಿ "ಹೂಂ" ಎಂದಳು. ಆ ಹೂಂ ನನಗೆ ಸರಿಬರಲಿಲ್ಲ. ಎಷ್ಟಾದರೂ ನಾನು ಕ್ವಾಲಿಟಿಯವನು. ಸುಳ್ಳು ಹೇಳಿದರೂ ಗಟ್ಟಿಮುಟ್ಟಾಗಿ ಇರಬೇಡವೇ?

ಮರುದಿನ ಸುಗಂಧಿಯ ಕೈಯಿಂದ ರಾಜಮಂಗಳಾಳ ಕೆನ್ನೆಗೆ ಫಟಾರನೆ ಹೊಡೆಸಿಬಿಟ್ಟೆ!

"ಹೌದೇನೋ! ಬಾರಿಸಿದ್ಲಾ? ನಮ್ಮ ಸುಗಂಧಿ!" ಅವ್ವ ಎರಡೂ ಕೈಯಿಂದ ತೊಡೆ ತಟ್ಟಿಕೊಂಡಳು. ಆ ರಾತ್ರಿ ಒಂದು ರೊಟ್ಟಿ ಹೆಚ್ಚಿಗೆ ತಿಂದಳು. ನನ್ನೊಳಗಿನ ಲೇಖಕ ಎದ್ದು ಕೂತದ್ದು ಆವಾಗಲೇ. ಸೋಮವಾರ ರಾಜಮಂಗಳಾಳನ್ನು ಬಾವಿಗೆ ಬೀಳಿಸಿದೆ. ಮಂಗಳವಾರ ಆ ವಿಷಯ ಮರೆತು ಅವಳ ಕೈಯಿಂದಲೇ ರೊಟ್ಟಿ ಹಿಟ್ಟು ನಾದಿಸಿದೆ.

"ಅಕಿ ಬಾವ್ಯಾಗ ಬಿದ್ದಿದ್ಲಲ್ಲೋ?"

"ಎದ್ದು ಬಂದ್ಲಬೇ!"

"ಹೂಂ."

ಬರಬರುತ್ತ ಸರಕು ಮುಗಿಯಿತು. ಅತ್ತೆ ಸೊಸೆ ಒಡವೆ ವಿಷ, ಇವುಗಳ ಬಗ್ಗೆ ನನಗೇನು ಗೊತ್ತು? ನನಗೆ ಗೊತ್ತಿರುವುದು ಪಂಪು. ಹೀಗಾಗಿ ಒಂದು ದಿನ ಸುಗಂಧಿ ಗಂಡನ ಮನೆಯ ಹೊಸ್ತಿಲು ದಾಟಿ, ಬಿಎಂಟಿಸಿ ಬಸ್ ಹತ್ತಿ, ಯಶವಂತಪುರದ ಪಂಪ್ ಕಾರ್ಖಾನೆಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಕೆಲಸಕ್ಕೆ ಸೇರಿಕೊಂಡಳು! ಮೊದಲ ಸಂಬಳದಲ್ಲೇ ಪಿ.ಎಫ್. ಕೂಡ ಕಟ್ ಆಯಿತು.

ಸುಗಂಧಿ ಇದ್ದ ಮೇಲೆ ಒಬ್ಬ ದುಷ್ಟ ಬೇಕಲ್ಲ. ಮ್ಯಾನೇಜರ್ ಉಮೇಶ್ ಬಂದ. ನಮ್ಮ ಕಾರ್ಖಾನೆಯ ಮ್ಯಾನೇಜರನ ಹೆಸರೂ ಉಮೇಶ್ ಎಂಬುದು ಬರೀ ಕಾಕತಾಳೀಯ ಎಂದರೆ ನೀವು ನಂಬುವುದಿಲ್ಲ. ಹೋಗಲಿ ಬಿಡಿ. ಉಮೇಶ್ ಹಗಲು ನನಗೆ ಮಾಡಿದ್ದನ್ನೆಲ್ಲ ಸಂಜೆ ಸುಗಂಧಿಗೆ ಮಾಡುತ್ತಿದ್ದ. ರಜೆ ಕೇಳಿದರೆ "ನೋಡೋಣ" ಅನ್ನುತ್ತಿದ್ದ. ತಾನು ಅವಸರ ಮಾಡಿ ಕೆಡಿಸಿದ ಮಾಲಿಗೆ ಆಕೆಯನ್ನು ಎಲ್ಲರೆದುರು ನಿಲ್ಲಿಸಿ ಬೈದ. ನಾನು ಹಗಲು ತಲೆ ತಗ್ಗಿಸಿ "ಯೆಸ್ ಸರ್" ಎಂದು ಬಂದಿದ್ದೆ. ಸುಗಂಧಿ ಬಿಡಲಿಲ್ಲ! ಪಂಪನ್ನು ಎತ್ತಿ ಅವನ ಮೇಜಿನ ಮೇಲೆ ಧಡಾರನೆ ಕುಕ್ಕಿ, "ಬಿರುಕು ಇದರಲ್ಲಿಲ್ಲ ಸಾರ್, ನಿಮ್ಮ ಬುದ್ಧಿಯಲ್ಲಿದೆ!" ಎಂದಳು.

"ಹಂಗ ಹಚ್ಚಿ ಕೊಡಬೇಕು!" ಎಂದಳು ಅವ್ವ. "ಆಮ್ಯಾಲೆ? ಅಕಿ ಊಟ ಮಾಡಿದ್ಲೇನೋ ಅವತ್ತ?"

ಊಟದ ಮಾತು ಯಾಕೆ ಬಂತೆಂದು ನನಗೆ ತಿಳಿಯಲಿಲ್ಲ. "ಮಾಡಿದ್ಲು" ಎಂದೆ.

ನಿಜ ಹೇಳುತ್ತೇನೆ, ಆ ದಿನಗಳಲ್ಲಿ ನನಗೆ ರೆಕ್ಕೆ ಬಂದಿತ್ತು. ಹೆಬ್ಬಾಳದ ಫ್ಲೈಓವರ್ ಮೇಲೆ ಬೈಕಿನಲ್ಲಿ ಸಿಕ್ಕಿಬಿದ್ದಾಗ ಹಾರ್ನ್ ಹೊಡೆಯುವುದನ್ನು ಬಿಟ್ಟು ಡೈಲಾಗು ಹೊಸೆಯುತ್ತಿದ್ದೆ. ಮನೆಗೆ ಬಂದವನೇ ಅವ್ವನ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದೆ. ಈಗ ಚಹಾ ಆರಿಹೋದರೂ ಪರಿವೆ ಇರಲಿಲ್ಲ.

"ಸುಗಂಧೀನ ಹೊರಗೆ ಹಾಕ್ತೀನಿ ಅಂದವ್ರು ಸೀದಾ ಡೈರೆಕ್ಟರ್ ಆಗ್ಬಿಟ್ರಲ್ಲ! ಸಿಕ್ಕಿಹಾಕ್ಕೊಂಡಾಗ ನನ್ನ ಕರೀಬೇಡಿ" ಎಂದಳು ಸ್ನೇಹಾ.

ಮೊದಲ ಏಟು ಬಿದ್ದದ್ದು ಒಂದು ಭಾನುವಾರ ಬೆಳಿಗ್ಗೆ. ನಾನು ಬಚ್ಚಲಲ್ಲಿ ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದೆ. ನನ್ನ ಮೊಬೈಲ್ ಹೊಡೆದುಕೊಂಡಿತು. ಅವ್ವ ಎತ್ತಿದಳು. ಆ ಕಡೆಯಿಂದ "ನಾನು ಉಮೇಶ್" ಎಂಬ ಮಾತು ಬಂದದ್ದೇ ತಡ, ಬಾಗಿಲ ಆಚೆಯಿಂದ ಅವ್ವನ ಕಂಠ ಮೊಳಗಿತು.

"ಏ ಉಮೇಶಾ! ಆ ಹೆಣ್ಣಮಗಳ ಕಣ್ಣಾಗ ನೀರು ಹಾಕಸ್ತೀಯಲ್ಲ, ನಿನಗ ಅವ್ವ ಅಕ್ಕ ಇಲ್ಲೇನು? ಸುಗಂಧಿ ಬಿಟ್ಟು ಹೋದ್ಲಂದ್ರ ನಿನ್ನ ಕಾರ್ಖಾನ್ಯಾಗ ಒಂದ ಪಂಪಾದ್ರೂ ನೆಟ್ಟಗ ತಯಾರಾಗತೈತೇನು?"

ಸೋಪಿನ ಬುರುಗಿನಲ್ಲೇ ಓಡಿಬಂದು ಫೋನು ಕಿತ್ತುಕೊಂಡೆ.

"ಹೇಮಂತ್," ಉಮೇಶ್ ದನಿ ನಡುಗುತ್ತಿತ್ತು, "ಯಾರ್ರೀ ಅದು ಸುಗಂಧಿ? ನಮ್ಮ ಫ್ಯಾಕ್ಟರೀಲಿ ಆ ಹೆಸರಿನವರೇ ಇಲ್ವಲ್ರೀ! ಸ್ಪೀಕರ್ ಆನ್ ಇತ್ತು ಕಣ್ರೀ. ನನ್ನ ಹೆಂಡ್ತಿ ಪಕ್ಕದಲ್ಲೇ ಕೂತವ್ಳೆ!"

ಅದು ಧಾರಾವಾಹಿಯ ಪಾತ್ರ ಎಂದು ಅವರ ಹೆಂಡತಿಗೆ ಬಿಡಿಸಿ ಹೇಳುವಷ್ಟರಲ್ಲಿ ನನ್ನ ತಲೆಯ ಸೋಪು ಒಣಗಿತ್ತು. ಆಕೆ ನಂಬಲಿಲ್ಲ. ಆಕೆಯೂ ‘ಹೊಸ್ತಿಲ ಹಣತೆ’ ನೋಡುತ್ತಾರಂತೆ, ಅದರಲ್ಲಿ ಉಮೇಶ್ ಎಂಬುವನೇ ಇಲ್ಲವಂತೆ!

ಇಷ್ಟರಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ. ಮರುದಿನ ಸಂಜೆ ಚಿಕ್ಕಜಾಲದಿಂದ ಸುಬ್ಬಮ್ಮ ಬಂದಿಳಿದರು. ಮನೆಯ ಬೀಗ ತೆಗೆದವರೇ ಒಲೆ ಹಚ್ಚಿ, ಡಬ್ಬಿಯ ತುಂಬ ಹುರುಳಿಕಾಳಿನ ಸಾರು ತುಂಬಿಕೊಂಡು, ಮೆಟ್ಟಿಲು ಹತ್ತಿಬಂದರು.

"ರತ್ನವ್ವೋರೇ, ಎಂಗೈತೆ ಕಣ್ಣು? ನಮ್ ಸುಗಂಧಿಗೆ ಗಂಡು ಮಗ ಆಯ್ತಲ್ಲ! ಎಂಥಾ ಸೆಂದಾಗಿದೆ ಕೂಸು!"

ನಾನು ಚಹಾ ಲೋಟದೊಳಗೆ ಮುಖ ಹುದುಗಿಸಿದೆ.

"ಕೂಸು?" ಅವ್ವ ನನ್ನ ಕಡೆ ಒಮ್ಮೆ ತಿರುಗಿ, ಮತ್ತೆ ಸುಬ್ಬಮ್ಮನ ಕಡೆ ತಿರುಗಿದಳು. "ಇಲ್ಲಬಿಡ್ರೀ. ಅಕಿ ಕಾರ್ಖಾನಿ ಕೆಲಸಕ್ಕ ಹೊಂಟಾಳ."

"ಯಾವ ಕಾರ್ಖಾನೆ? ಬಾಣಂತಿ ಕಣವ್ವಾ ಅವ್ಳು! ತೊಟ್ಲಿಗೆ ಆಕವ್ರೆ, ಎಸ್ರು ಇಟ್ಟವ್ರೆ. ನಾನೇ ಕಣ್ಣಾರೆ ನೋಡಿದೀನಿ."

"ನನ್ನ ಮಗ ದಿನಾ ನೋಡಿ ಹೇಳ್ತಾನ."

"ಅಂಗಾರೆ ನಾನ್ ಸುಳ್ಳು ಯೋಳ್ತಿದೀನಾ? ಕಣ್ಣಿನ ಪೊರೆ ತೆಗ್ಸಕ್ಕೋಗಿ ಬುದ್ಧಿನೂ ತೆಗ್ಸಿಕೊಂಡ್ ಬಂದ್ರಾ?"

ಅವ್ವ ಎದ್ದು ನಿಂತಳು. "ನನ್ನ ಮಗ ಸುಳ್ಳ ಹೇಳಾಂವ ಅಲ್ಲ! ತಿಳದ ಮಾತಾಡ್ರಿ!"

ಇಬ್ಬರೂ ನನ್ನತ್ತ ತಿರುಗಿದರು. "ಏಮಂತಪ್ಪಾ, ನೀವೇ ಯೋಳ್ರಿ" ಎಂದರು ಸುಬ್ಬಮ್ಮ. ಬಾಗಿಲಿಗೆ ಒರಗಿದ ಸ್ನೇಹಾ ಹುಬ್ಬು ಮೇಲೇರಿಸಿದಳು. ಬಾಯಿ ಬಿಟ್ಟು ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಬಾಯಿ ಬಿಟ್ಟೆ.

"ಅದೂ... ಸುಬ್ಬಮ್ಮೋರೇ... ಚಿಕ್ಕಜಾಲದಲ್ಲಿ ಬೇರೆ ಥರ ಬರುತ್ತೇನೋ..."

ಸುಬ್ಬಮ್ಮ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಇಳಿದುಹೋದರು. ಮರುದಿನ ಅವ್ವ ಶೇಂಗಾ ಹೋಳಿಗೆ ಮಾಡಿಸಿ, ಡಬ್ಬಿ ತುಂಬಿಸಿ, ಸ್ನೇಹಾಳ ಕೈಲಿ ಕಳಿಸಿದಳು. ಸಂಜೆ ಡಬ್ಬಿ ನಮ್ಮ ಹೊಸ್ತಿಲ ಹೊರಗಿತ್ತು. ಹೋಳಿಗೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಅದನ್ನು ತಿಂದಿದ್ದರು. ಡಬ್ಬಿ ಮಾತ್ರ ತೊಳೆದು ಒರೆಸಿ ಖಾಲಿ ಇಟ್ಟಿದ್ದರು. ಒಂದು ಹಿಡಿ ಸಕ್ಕರೆಯೂ ಇರಲಿಲ್ಲ.

ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಮುಚ್ಚಳ ತೆಗೆಯುತ್ತಾಳೆ, ಒಳಗೆ ಬೆರಳಾಡಿಸುತ್ತಾಳೆ, ಮುಚ್ಚುತ್ತಾಳೆ. ಏಳೂವರೆಯಾದರೂ ಸುಗಂಧಿ ಏನು ಮಾಡಿದಳೆಂದು ಕೇಳಲಿಲ್ಲ.

"ಸುಬ್ಬಮ್ಮೋರು ಮೋಟಾರ್ ಹಾಕಿಲ್ಲ, ನಾಳೆ ಸ್ನಾನಕ್ಕೆ ನೀರಿಲ್ಲ. ಅದು ಹಾಳಾಗ್ಲಿ" ಎಂದಳು ಸ್ನೇಹಾ ಅಡುಗೆಮನೆಯಲ್ಲಿ. "ಅತ್ತೆ ಮಧ್ಯಾಹ್ನದಿಂದ ಒಂದು ತುತ್ತು ತಿಂದಿಲ್ಲ. ಅವ್ರಿಗೆ ಇರೋದೇ ಒಬ್ರು ಗೆಳತಿ ಕಣ್ರೀ. ಹೋಗಿ ಒಪ್ಕೊಳ್ಳಿ."

"ಒಪ್ಪಿಕೊಳ್ಳೋದೇನು, ಸರಿ ಮಾಡ್ತೀನಿ ನೋಡು!" ಎಂದೆ. ಲೇಖಕನಿಗೆ ದಾರಿ ಇಲ್ಲವೇ? ಅವ್ವನ ಮುಂದೆ ಹೋಗಿ ಕೂತೆ.

"ಅವ್ವಾ, ಇವತ್ತ ಏನಾತು ಗೊತ್ತೇನು? ಸುಗಂಧಿಗೆ ಒಮ್ಮೆಲೇ ಎಚ್ಚರಾತು! ಕಾರ್ಖಾನಿ, ಉಮೇಶ, ಪಂಪು, ಎಲ್ಲಾ ಕನಸು! ನೋಡ್ತಾಳ, ಮಗ್ಗಲದಾಗ ಕೂಸು!"

"ಕನಸಿನ್ಯಾಗ ಪಿ.ಎಫ್. ಕಟ್ ಆಗಿತ್ತೇನೋ?" ಎಂದಳು ಅವ್ವ. ಆಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದಳು.

ಮೆಟ್ಟಿಲಿಳಿದು ಹೋದೆ. ಸುಬ್ಬಮ್ಮ ಟಿವಿ ಮುಂದೆ ಒಬ್ಬರೇ ಕೂತಿದ್ದರು. ತೆರೆಯ ಮೇಲೆ ಸುಗಂಧಿ ತೊಟ್ಟಿಲ ಹಗ್ಗ ಹಿಡಿದು ಗೊಳೋ ಎಂದು ಅಳುತ್ತಿದ್ದಳು. ಸುಬ್ಬಮ್ಮನ ಕಣ್ಣು ಒಣಗಿತ್ತು.

"ಒಬ್ಳೇ ಕುಂತ್ರೆ ಅಳೂನೂ ಬರಾಕಿಲ್ಲ ಕಣಪ್ಪಾ" ಎಂದರು, ನನ್ನ ಕಡೆ ನೋಡದೆ.

ಆ ಮಾತು ಕೇಳಿ ನನ್ನ ಲೇಖಕತನವೆಲ್ಲ ಕರಗಿಹೋಯಿತು. "ಸುಬ್ಬಮ್ಮೋರೇ, ನೀವು ಹೇಳಿದ್ದೇ ನಿಜ. ನಾನು ಒಂದಿನಾನೂ ನೋಡಿಲ್ಲ. ಎಲ್ಲ ನಾನೇ ಕಟ್ಟಿ ಹೇಳಿದ್ದು. ಅವ್ವಂದೇನೂ ತಪ್ಪಿಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎದ್ದವರೇ ನನ್ನ ಅಂಗಿಯ ತೋಳು ಹಿಡಿದು, "ನಡೀ ಮ್ಯಾಕೆ! ಆಯಮ್ಮನ್ ಮುಂದೆ ಯೋಳು ಇದ್ನ!" ಎಂದು ಮೆಟ್ಟಿಲ ಮೇಲೆ ಎಳೆದುಕೊಂಡು ಹೊರಟರು. ಒಬ್ಬ ಕ್ವಾಲಿಟಿ ಇನ್‌ಸ್ಪೆಕ್ಟರನ ಮೆರವಣಿಗೆ ಹಾಗೆ ಸಾಗಿತು.

ಅವ್ವನ ಮುಂದೆ ನಿಂತು ಎಲ್ಲ ಒದರಿದೆ. ಅವ್ವ ಎದ್ದು ಕೂತು ಕಪ್ಪು ಕನ್ನಡಕ ತೆಗೆದಳು.

"ನನಗ ಗೊತ್ತಿತ್ತು."

"ಯಾವಾಗಿಂದ?"

"ಚಹಾದಾಗ ಸಕ್ರಿ ಹೆಚ್ಚಾಗಿ ಅತ್ಲು ಅಂದ್ಯಲ್ಲ, ಅವತ್ತಿಂದ."

"ಮತ್ಯಾಕ ಸುಮ್ನ ಕೇಳಕೋತ ಕುಂತಿ?"

"ಪಂ‌ಪಿನ ಕಾರ್ಖಾನಿ ಬಂತಲ್ಲೋ" ಎಂದಳು ಅವ್ವ. "ನಾ ಕೇಳಿದ್ರ 'ಎಲ್ಲಾ ಛಲೋ ಐತವ್ವಾ' ಅಂತಿ, ಮೊಬೈಲ್ ಹಿಡಕೊಂಡು ಒಳಗ ಹೊಕ್ಕೋತಿ. ಸುಗಂಧಿ ಆದ್ರೂ ಹೇಳ್ತಾಳಲ್ಲ ಅಂತ ಕೇಳಿದೆ. ಎಲ್ಲಾರ ಮುಂದ ನಿಂದರಿಸಿ ಬೈದ್ನಂತಲ್ಲ ಆ ಉಮೇಶ. ಅವತ್ತ ನೀ ಹೊಟ್ಟಿ ತುಂಬೈತಿ ಅಂತ ಹೇಳಿ ಹಂಗ ಮಲಕೊಂಡಿ. ಅಕಿ ಉಂಡ್ಲು, ನೀ ಉಣಲಿಲ್ಲ."

ಡಾಕ್ಟರು ಬೇಡವೆಂದ ನೀರು ನನ್ನ ಕಣ್ಣಿಗೆ ಬಂತು.

"ಹಂಗಾದ್ರ ಆ ಫೋನು...?"

"ಬೇಕಂತನ ಬೈದೆ! ಮತ್ತೇನು, ಬಿಡ್ತಾರೇನು?"

ಸುಬ್ಬಮ್ಮ ಸೊಂಟದ ಮೇಲೆ ಕೈಯಿಟ್ಟರು. "ಗೊತ್ತಿದ್ದೂ ಗೊತ್ತಿದ್ದೂ ನನ್ ಜೊತೆ ಯಾಕವ್ವಾ ಜಗಳ ಕಾದ್ರಿ?"

"ಏನು ಮಾಡ್ಲಿರೀ? ನಿಮ್ಮ ಮುಂದ ನನ್ನ ಮಗ ಸುಳ್ಳ ಹೇಳ್ತಾನ ಅಂತ ಹೆಂಗ ಅನ್ಲಿ?"

ಸುಬ್ಬಮ್ಮ ಅವ್ವನ ಪಕ್ಕದಲ್ಲಿದ್ದ ಖಾಲಿ ಡಬ್ಬಿ ಎತ್ತಿಕೊಂಡು ಕೆಳಗೆ ಹೋದರು. ಮೊದಲು ಮೋಟಾರಿನ ಸದ್ದು ಕೇಳಿತು. ಆಮೇಲೆ ಅವರು ಬಂದರು, ಡಬ್ಬಿಯಲ್ಲಿ ಬಿಸಿ ಬಸ್ಸಾರು. ಅವ್ವನ ಪಕ್ಕದಲ್ಲಿ ಮೈಗೆ ಮೈ ತಾಗುವಂತೆ ಕೂತರು.

"ಟಿವಿನಾಗಿರೋಳು ತೊಟ್ಲು ಮುಂದೆ ಅಳ್ತಾ ಕುಂತವ್ಳೆ, ಇನ್ನಾರ್ ತಿಂಗ್ಳು ಅದೇಯ. ನಿಮ್ ಸುಗಂಧಿ ಏನ್ ಮಾಡಿದ್ಲು ಯೋಳಪ್ಪಾ, ಕೇಳಾನ."

ನೋಡಿದಿರಾ! ಸತ್ತುಹೋಗಿದ್ದ ಲೇಖಕ ಧಿಗ್ಗನೆ ಎದ್ದ. ಕಣ್ಣೊರೆಸಿಕೊಂಡು, ಕೊರಳು ಸರಿಮಾಡಿಕೊಂಡು, "ಹಂಗಾದ್ರ ನನ್ನ ಕಥಿ ಛಲೋ ಇತ್ತಲ್ಲವ್ವಾ?" ಎಂದೆ.

ಅವ್ವ ಹೊಸ ಕಣ್ಣಿನಿಂದ ನನ್ನನ್ನು ಹತ್ತಿರ ಕರೆದು ನೋಡಿದಳು.

"ಸೋಮವಾರ ಬಾವ್ಯಾಗ ಬಿದ್ದಾಕಿ ಮಂಗಳವಾರ ಹಿಟ್ಟು ನಾದಿದ್ಲು. ದುಬೈದಿಂದ ಬಂದ ಗಂಡ ಚಹಾ ಕುಡದಾಂವ ಎಲ್ಲಿ ಹೋದ, ಪತ್ತೇನ ಇಲ್ಲ. ಕಾರ್ಖಾನಿಗೆ ಹೋದ ಹುಡುಗಿ ಒಂದಿನಾನೂ ಅವ್ವಗ ಫೋನ್ ಮಾಡ್ಲಿಲ್ಲ."

ನನ್ನ ಅಂಗಿಯ ಜೇಬಿಗೆ ಕೈ ಹಾಕಿ ಒಂದು ಕೆಂಪು ಚೀಟಿ ಕಿತ್ತಳು. ಸುಬ್ಬಮ್ಮ, ಸ್ನೇಹಾ ಇಬ್ಬರೂ ನೋಡುತ್ತಿದ್ದಂತೆ ಅದನ್ನು ನನ್ನ ಹಣೆಯ ನಡುವೆ ಒತ್ತಿ ಅಂಟಿಸಿದಳು.

"ಎಲ್ಲಾ ತಿದ್ದಿ ತಗೊಂಡ ಬಾ. ನಾಳಿ ಏಳೂವರಿಗೆ ಮತ್ತ ಚೆಕ್ ಮಾಡ್ತೀನಿ."